ಅಲ್ಲಿದ್ದವರಷ್ಟೇ ಮಾತನಾಡಬೇಕೆ?

ಯುದ್ಧದ ಬಗ್ಗೆ ಎಲ್ಲೇ ಚರ್ಚೆ ನಡೆಯಲಿ, ಒಂದು ಹಂತದಲ್ಲಿ ಯಾರಾದರೊಬ್ಬರು ಎದ್ದು ಕೇಳುತ್ತಾರೆ: "ಗಡಿಯಲ್ಲಿ ನಿಂತವನಿಗೆ ಗೊತ್ತು ಅಲ್ಲಿಯ ಕಷ್ಟ. ಮನೆಯಲ್ಲಿ ಬೆಚ್ಚಗೆ ಕೂತು ಮಾತಾಡುವ ನಿಮಗೇನು ಗೊತ್ತು?" ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಉತ್ತರಿಸಬೇಕಾದವರು ತಲೆ ತಗ್ಗಿಸುತ್ತಾರೆ. ಹೀಗೆ ಕೇಳುವವರಲ್ಲಿ ಹೆಚ್ಚಿನವರು ತಾವೇ ಗಡಿಯನ್ನು ಕಂಡವರಲ್ಲ ಎಂಬುದು ಬೇರೆ ಮಾತು. ಸೈನಿಕನ ಸಂಕಟವನ್ನು ಎರವಲು ತಂದು ಎದುರಾಳಿಯ ಬಾಯಿ ಮುಚ್ಚಿಸುವುದು ಸುಲಭದ ಕೆಲಸ. ಆದರೆ ಇದೇ ಮಾತನ್ನು ನಿಜವಾಗಿಯೂ ಯುದ್ಧ ಮಾಡಿದವನು ಹೇಳಿದರೆ? ಅವನು ಬರೀ ಸೈನಿಕನಲ್ಲದೆ, ಜೀವಮಾನವಿಡೀ ವಿದ್ಯಾರ್ಥಿಗಳಿಗೆ ಮಾತನ್ನು ತೂಗಿ ನೋಡುವುದನ್ನು ಕಲಿಸಿದ ಸಾಹಿತ್ಯದ ಮೇಷ್ಟರೂ ಆಗಿದ್ದರೆ? ಆಗ ನಾವು ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳುವಂತಿಲ್ಲ.

ಅಂಥವರೊಬ್ಬರಿದ್ದರು. ಹೆಸರು ಪಾಲ್ ಫಸೆಲ್. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ಅನುಕೂಲಸ್ಥ ವಕೀಲರ ಮನೆಯಲ್ಲಿ ಹುಟ್ಟಿದವರು. ಓದುತ್ತಿದ್ದ ಕಾಲೇಜನ್ನು ಅರ್ಧಕ್ಕೆ ಬಿಟ್ಟು ಸೈನ್ಯಕ್ಕೆ ಹೋದರು. ಇಪ್ಪತ್ತನೆಯ ವಯಸ್ಸಿಗೆ 103ನೇ ಪದಾತಿ ಡಿವಿಷನ್ನಿನಲ್ಲಿ ಒಂದು ಪ್ಲಟೂನಿನ ಹೊಣೆ ಹೊತ್ತು ಫ್ರಾನ್ಸಿನ ಪೂರ್ವ ಭಾಗದ ಕಾಡುಗಳನ್ನು ಸೇರಿದರು. 1944ರ ನವೆಂಬರ್. ರಣರಂಗದಲ್ಲಿ ಅವರಿಗೆ ಅದು ಮೊದಲ ರಾತ್ರಿ. ಕತ್ತಲಲ್ಲಿ ದಾರಿ ತಪ್ಪಿ, ಇದ್ದಲ್ಲೇ ಮಲಗಿ ಎಂಬ ಆಜ್ಞೆಯಾಗಿ, ದಣಿದ ಹುಡುಗರು ಹಾಗೇ ನಿದ್ದೆ ಹೋದರು. ಬೆಳಗಾದಾಗ ನೋಡಿದರೆ ಸುತ್ತಲೂ ಜರ್ಮನ್ ಸೈನಿಕರ ಹೆಣಗಳು. ರಾತ್ರಿಯಿಡೀ ಹೆಣಗಳ ನಡುವೆ ಮಲಗಿದ್ದರು. ಅವುಗಳಲ್ಲಿ ಎರಡು, ಹದಿನಾಲ್ಕರ ಆಸುಪಾಸಿನ ಹುಡುಗರವು. ತನ್ನ ಬಾಲ್ಯದ ನಂಬಿಕೆಗಳೆಲ್ಲ ಆ ಬೆಳಗಿನಲ್ಲಿ ಕಳಚಿ ಬಿದ್ದವು ಎಂದು ಫಸೆಲ್ ಮುಂದೆ ಬರೆದರು. ಲೋಕ ನ್ಯಾಯದಿಂದ ನಡೆಯುತ್ತದೆ ಎಂಬ ಎಣಿಕೆ ಅಂದೇ ಹೋಯಿತು.

ನಾಲ್ಕು ತಿಂಗಳ ಬಳಿಕ, 1945ರ ಮಾರ್ಚ್ 15ರಂದು, ಆಲ್ಸೇಸ್‌ನಲ್ಲಿ ಒಂದು ಷೆಲ್ ಪಕ್ಕದಲ್ಲೇ ಸಿಡಿಯಿತು. ಬೆನ್ನಿಗೂ ತೊಡೆಗೂ ಚೂರುಗಳು ಹೊಕ್ಕವು. ಅವರಿಗೆ ಒರಗಿಕೊಂಡಂತೆ ಇದ್ದ ಸಾರ್ಜೆಂಟ್ ಎಡ್ವರ್ಡ್ ಕೀತ್ ಹಡ್ಸನ್ ಅಲ್ಲೇ ಸತ್ತರು. ಒಂದೆರಡು ಗೇಣಿನ ಅಂತರದಲ್ಲಿ ಒಬ್ಬರು ಹೋದರು, ಇನ್ನೊಬ್ಬರು ಉಳಿದರು. ಉಳಿದವರು ಮುಂದೆ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಮಾಡಿ, ಇಂಗ್ಲಿಷ್ ಅಧ್ಯಾಪಕರಾಗಿ, ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಮೂರು ದಶಕಗಳ ಹತ್ತಿರ ಪಾಠ ಹೇಳಿದರು. ಆನಂತರ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. 2012ರಲ್ಲಿ ತೀರಿಕೊಂಡರು.

ಮೊದಲ ಇಪ್ಪತ್ತು ವರ್ಷ ಅವರು ಬರೆದದ್ದೆಲ್ಲ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸಾಹಿತ್ಯದ ಬಗ್ಗೆ, ಛಂದಸ್ಸಿನ ಬಗ್ಗೆ, ಸ್ಯಾಮ್ಯುಯೆಲ್ ಜಾನ್ಸನ್ನನ ಬಗ್ಗೆ. ಲಯ, ಯತಿ, ಗಣ. ಅಚ್ಚುಕಟ್ಟಾದ ವಿಷಯಗಳು. ಹೆಣಗಳ ನಡುವೆ ಎಚ್ಚೆತ್ತ ಹುಡುಗ ಛಂದಸ್ಸಿನಲ್ಲಿ ಅಡಗಿ ಕೂತಿದ್ದ ಎಂದರೆ ತಪ್ಪಾಗಲಾರದು. ಅವನನ್ನು ಹೊರಗೆಳೆದದ್ದು ವಿಯೆಟ್ನಾಂ. ಇಂದು ಇಷ್ಟು ಹೆಣ, ನಿನ್ನೆ ಅಷ್ಟು ಹೆಣ ಎಂದು ಸರ್ಕಾರವೇ ಲೆಕ್ಕ ಕೊಡುತ್ತಿದ್ದ ದಿನಗಳವು. ಅಂಕಿಗಳನ್ನು ಕೇಳಿ ಕೇಳಿ ಜನ ಮರಗಟ್ಟಿ ಹೋಗಿದ್ದರು. ನೆಲದ ಮೇಲೆ ಒದ್ದಾಡುವವನು ಮನುಷ್ಯ ಎಂಬುದನ್ನು ಅವರಿಗೆ ನೆನಪಿಸಬೇಕೆಂದು ಫಸೆಲ್ ಮೊದಲನೆಯ ಮಹಾಯುದ್ಧದ ಪುಸ್ತಕಕ್ಕೆ ಕೈ ಹಾಕಿದರು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಕೂತು ಸತ್ತ ಸೈನಿಕರ ಕಾಗದಗಳನ್ನೂ ಡೈರಿಗಳನ್ನೂ ಓದಿದರು. 1975ರಲ್ಲಿ ಬಂದ 'ದಿ ಗ್ರೇಟ್ ವಾರ್ ಅಂಡ್ ಮಾಡರ್ನ್ ಮೆಮೊರಿ' ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. 1914-18ರ ಯುದ್ಧದ ಪುಸ್ತಕವನ್ನು ಅವರು ಅರ್ಪಿಸಿದ್ದು 1945ರಲ್ಲಿ ತಮ್ಮ ಪಕ್ಕದಲ್ಲಿ ಸತ್ತ ಹಡ್ಸನ್ನರಿಗೆ.

ಆ ಪುಸ್ತಕದ ತಿರುಳಿನಲ್ಲಿ ಒಂದು ಭಾಗ ನಮಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಯುದ್ಧ ಮೊದಲು ಸುಲಿಯುವುದು ಭಾಷೆಯನ್ನು. 1914ಕ್ಕೆ ಮುಂಚಿನ ಇಂಗ್ಲಿಷಿನಲ್ಲಿ ಸತ್ತವರು ಸತ್ತವರಾಗಿರುತ್ತಿರಲಿಲ್ಲ. ಕುದುರೆಗೊಂದು ದೊಡ್ಡ ಹೆಸರು, ಗೆಳೆಯನಿಗೊಂದು ದೊಡ್ಡ ಹೆಸರು, ನೆತ್ತರಿಗೆ ಇನ್ನೂ ಚೆಂದದ ಹೆಸರು. ಈ ಶಬ್ದಗಳನ್ನು ಹೊತ್ತು ಹೋದ ಹುಡುಗರು ಕಂದಕದ ಕೆಸರಲ್ಲಿ, ಇಲಿಗಳ ನಡುವೆ ಕೂತಾಗ ಮಾತಿಗೂ ಕಣ್ಣೆದುರಿನ ದೃಶ್ಯಕ್ಕೂ ಸಂಬಂಧವೇ ಉಳಿಯಲಿಲ್ಲ. ಆ ಬಿರುಕಿನಿಂದ ಹುಟ್ಟಿದ ಕಹಿ ವ್ಯಂಗ್ಯವೇ ಆಧುನಿಕ ಮನಸ್ಸಿನ ನೆನಪಿನ ರೀತಿಯಾಯಿತು ಎಂಬುದು ಫಸೆಲ್ ವಾದ.

ಇದನ್ನು ಓದುವಾಗ ನಮ್ಮ ವೀರಗಲ್ಲುಗಳು ಕಣ್ಣಮುಂದೆ ಬರದೆ ಇರುವುದಿಲ್ಲ. ಕರ್ನಾಟಕದ ಯಾವ ಊರಿಗೆ ಹೋದರೂ ಹೊಲದ ಬದುವಿನಲ್ಲೋ ದೇವಸ್ಥಾನದ ಹಿಂದೆಯೋ ಒಂದಾದರೂ ನಿಂತಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಸ್ವರ್ಗ. ನೆತ್ತರಿನಿಂದ ಸ್ವರ್ಗಕ್ಕೆ ಮೂರೇ ಮೆಟ್ಟಿಲು. ಗಾಯದ ಕೊಳೆತ, ನೀರಿಗಾಗಿ ಕೂಗು, ಕುಂಟುತ್ತ ಊರಿಗೆ ಮರಳಿ ಬಂದವನು, ಇವರಿಗೆ ಕಲ್ಲಿನಲ್ಲಿ ಪಟ್ಟಿಕೆ ಇಲ್ಲ. ಹೆಂಡತಿಗೆ ಏನಾಯಿತು ಎಂದು ಕೇಳಿದರೆ ಅದಕ್ಕೆ ಪಕ್ಕದಲ್ಲೇ ಮಾಸ್ತಿಕಲ್ಲು ಉತ್ತರ ಹೇಳುತ್ತದೆ. ಇವತ್ತಿನ ಟಿ.ವಿ. ಚಾನೆಲುಗಳ ಭಾಷೆ ಆ ಕಲ್ಲಿಗಿಂತ ಬಹಳ ಮುಂದೆ ಬಂದಿದೆ ಎಂದು ನಮಗನ್ನಿಸುವುದಿಲ್ಲ. 2003ರಲ್ಲಿ ಇರಾಕಿನ ಮೇಲೆ ಬಾಂಬು ಬಿದ್ದಾಗ ಸತ್ತ ತಾಯಿ-ಮಕ್ಕಳಿಗೆ 'ಕೊಲ್ಯಾಟರಲ್ ಡ್ಯಾಮೇಜ್' ಎಂದು ಹೆಸರಿಟ್ಟದ್ದನ್ನು ಲೋಕವೆಲ್ಲ ಕೇಳಿದೆ. ಫಸೆಲ್ ಜೀವಮಾನವಿಡೀ ಹಗೆ ಸಾಧಿಸಿದ್ದು ಇಂಥ ಹೆಸರುಗಳ ಮೇಲೆ.

ಅವರ ಸಾಕ್ಷ್ಯಕ್ಕೆ ಬೆಲೆ ಬಂದಿರುವುದೂ ಇದರಿಂದಲೇ. ಎರಡನೆಯ ಮಹಾಯುದ್ಧವನ್ನು ಅಮೆರಿಕನ್ನರು ಒಳ್ಳೆಯ ಯುದ್ಧ, ಧರ್ಮಯುದ್ಧ ಎಂದು ಕೊಂಡಾಡುವುದು ಅವರಿಗೆ ಸಹಿಸುತ್ತಿರಲಿಲ್ಲ. ಹಿಟ್ಲರನನ್ನು ಸೋಲಿಸಬೇಕಿತ್ತು ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಆದರೆ ಅದನ್ನು ಮಾಡಿದ್ದು ಹೇಗೆ ಎಂಬುದನ್ನು ಮುಚ್ಚಿಡಲು ಅವರು ಒಪ್ಪಲಿಲ್ಲ. ತಮ್ಮ ಕಂಪನಿಯವರು ನಡೆಸಿದ ಒಂದು ಕೃತ್ಯವನ್ನು ಅವರೇ ಬರೆದಿಟ್ಟಿದ್ದಾರೆ. ಒಂದು ದೊಡ್ಡ ಗುಂಡಿಯಲ್ಲಿ ಹತ್ತಿಪ್ಪತ್ತು ಜರ್ಮನರು ಸಿಕ್ಕಿಬಿದ್ದಿದ್ದರು. ಶರಣಾಗಲು ಸಿದ್ಧರಿದ್ದರು. ಅಮೆರಿಕನ್ ಹುಡುಗರು ಗುಂಡಿಯ ಅಂಚಿನಲ್ಲಿ ನಿಂತು, ನಗುನಗುತ್ತ, ಒಬ್ಬರನ್ನೂ ಬಿಡದೆ ಕೊಂದರು. ಬೇಟೆಯ ಹೆಸರೊಂದನ್ನು ಅದಕ್ಕೆ ಕೊಟ್ಟು ಬಹಳ ದಿನ ಆ ಕಥೆ ಹೇಳಿಕೊಂಡು ಖುಷಿಪಟ್ಟರು. ಯಾವ ವಿಚಾರಣೆಯೂ ನಡೆಯದ, ಯಾವ ಕಡತವೂ ಇಲ್ಲದ ಕೊಲೆಯಿದು. ಫಸೆಲ್ ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತನ್ನವರ ವಿರುದ್ಧ ಸಾಕ್ಷಿ ಹೇಳುವವನ ಮಾತಿಗೆ ನಾವು ಕಿವಿಗೊಡಲೇಬೇಕು. ಅವನಿಗೆ ಅದರಿಂದ ಲಾಭವಿಲ್ಲ, ನಷ್ಟವಿದೆ. ಇಂಥ ಸಂಗತಿ ಅಲ್ಲಿದ್ದವನಿಂದ ಮಾತ್ರ ಬರಲು ಸಾಧ್ಯ.

ಹೀಗಿದ್ದ ಮನುಷ್ಯ 1981ರ ಆಗಸ್ಟಿನಲ್ಲಿ 'ದಿ ನ್ಯೂ ರಿಪಬ್ಲಿಕ್' ಪತ್ರಿಕೆಯಲ್ಲಿ ಹಿರೋಷಿಮಾದ ಬಗ್ಗೆ ಒಂದು ಪ್ರಬಂಧ ಬರೆದರು. ಮುಂದೆ 1988ರಲ್ಲಿ ಅದು ಪುಸ್ತಕದಲ್ಲಿ ಸೇರಿದಾಗ ಅದರ ಶೀರ್ಷಿಕೆ, ಅಣುಬಾಂಬಿಗಾಗಿ ದೇವರಿಗೆ ವಂದನೆ ಎಂಬ ಅರ್ಥದ್ದು. ಪುಸ್ತಕಕ್ಕೂ ಅದೇ ಹೆಸರು. ಓದುಗರನ್ನು ಕೆಣಕಲೆಂದೇ ಇಟ್ಟದ್ದು. ಆದರೂ ಯಾವ ಧರ್ಮದ ಆಸ್ತಿಕನಿಗೂ ಅದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ.

ಪ್ರಬಂಧದ ವಾದ ಸರಳ. 1945ರಲ್ಲಿ ಯುರೋಪಿನ ಯುದ್ಧ ಮುಗಿದ ಮೇಲೆ ಫಸೆಲ್ ಅವರನ್ನು ಜಪಾನಿನ ಮೇಲಿನ ದಾಳಿಗೆ ಗೊತ್ತುಮಾಡಲಾಗಿತ್ತು. ಕ್ಯೂಷು ದ್ವೀಪದ ಮೇಲೆ ನವೆಂಬರಿನಲ್ಲಿ, ಟೋಕಿಯೊ ಇರುವ ಹೊನ್ಷು ದ್ವೀಪದ ಮೇಲೆ 1946ರ ಮಾರ್ಚ್‌ನಲ್ಲಿ ದಾಳಿ ಮಾಡುವ ಯೋಜನೆ ಇತ್ತು. ಲಾರಿಯಿಂದ ಕೆಳಗೆ ಹಾರಿದರೆ ಕಾಲು ಮಡಚಿಕೊಳ್ಳುತ್ತಿದ್ದ ಇಪ್ಪತ್ತೊಂದರ ಗಾಯಾಳು ಮತ್ತೆ ಪ್ಲಟೂನ್ ನಡೆಸಬೇಕಿತ್ತು. ಸಾವು ಖಚಿತ ಎಂದುಕೊಂಡಿದ್ದಾಗ ಬಾಂಬು ಬಿದ್ದ ಸುದ್ದಿ ಬಂತು. ಗಟ್ಟಿ ಗಂಡಸರಂತೆ ನಟಿಸುತ್ತಿದ್ದ ಆ ಹುಡುಗರು ಅತ್ತರು, ಬದುಕಿದೆವು ಎಂದು. ಈಗ ಕೂತು ಬಾಂಬನ್ನು ಖಂಡಿಸುವವರಾರೂ ಆ ಹುಡುಗರ ಜಾಗದಲ್ಲಿರಲಿಲ್ಲ. ರಣರಂಗದಿಂದ ದೂರ ಹೋದಷ್ಟೂ ನೈತಿಕ ಮಾತು ಎತ್ತರಕ್ಕೇರುತ್ತದೆ ಎನ್ನುತ್ತಾರೆ ಫಸೆಲ್. ಅರ್ಥಶಾಸ್ತ್ರಜ್ಞ ಗಾಲ್‌ಬ್ರೇತ್ ಎಲ್ಲಿದ್ದರು? ವಾಷಿಂಗ್ಟನ್ನಿನ ಕಚೇರಿಯಲ್ಲಿ. ತತ್ವಶಾಸ್ತ್ರಜ್ಞ ಗ್ಲೆನ್ ಗ್ರೇ ಎಲ್ಲಿದ್ದರು? ಡಿವಿಷನ್ನಿನ ಕೇಂದ್ರದಲ್ಲಿ, ಮುಂಚೂಣಿಯಿಂದ ಕೆಲವು ಮೈಲಿ ಹಿಂದೆ.

ಈ ಗ್ಲೆನ್ ಗ್ರೇ ಅವರ ಬಗ್ಗೆ ಒಂದು ಮಾತು ಹೇಳಬೇಕು. 1941ರಲ್ಲಿ ಅವರಿಗೆ ಡಾಕ್ಟರೇಟ್ ಪದವಿಯ ಪತ್ರ ಮತ್ತು ಸೈನ್ಯಕ್ಕೆ ಸೇರಬೇಕೆಂಬ ಆಜ್ಞೆ ಒಂದೇ ದಿನದ ಅಂಚೆಯಲ್ಲಿ ಬಂದವು. ಯುದ್ಧ ಮುಗಿಸಿ ಬಂದು ಕೊಲರಾಡೊ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದರು. 1959ರಲ್ಲಿ 'ದಿ ವಾರಿಯರ್ಸ್' ಎಂಬ ಪುಸ್ತಕ ಬರೆದರು. ಸೈನಿಕನ ಅಪರಾಧಪ್ರಜ್ಞೆಯ ಬಗ್ಗೆ ಅಷ್ಟು ಆಳವಾಗಿ ಯೋಚಿಸಿದವರು ಕಡಿಮೆ. ಅಂಥವರ ಯೋಚನೆಯನ್ನು ಅಳೆಯಲು ಫಸೆಲ್ ಬಳಸಿದ ಅಳತೆಗೋಲು ಮೈಲಿಕಲ್ಲು. ಉತ್ತರಿಸಲು ಗ್ರೇ ಇರಲಿಲ್ಲ. 1977ರಲ್ಲೇ ತೀರಿಕೊಂಡಿದ್ದರು.

ಫಸೆಲ್ ಮಾತಿನಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಯುದ್ಧ ನಡೆಯುತ್ತಿದ್ದ ಪ್ರತಿ ವಾರವೂ ಚೀನಾದಲ್ಲಿ, ಆಗ್ನೇಯ ಏಷ್ಯಾದಲ್ಲಿ, ಜಪಾನೀಯರ ಸೆರೆಶಿಬಿರಗಳಲ್ಲಿ ಜನ ಸಾಯುತ್ತಿದ್ದರು. ಅವರನ್ನು ಮರೆತು ಬಾಂಬೊಂದರ ಬಗ್ಗೆಯೇ ಕಣ್ಣೀರಿಡುವ ಶಾಂತಿವಾದ ಸೋಮಾರಿತನದ್ದು. ಸಾವಿನಿಂದ ತಪ್ಪಿಸಿಕೊಂಡ ಇಪ್ಪತ್ತೊಂದರ ಹುಡುಗ ಅತ್ತಿದ್ದನ್ನು ತಪ್ಪೆಂದು ಯಾರೂ ಹೇಳಲಾರರು. ನಾವಿದ್ದರೂ ಅಳುತ್ತಿದ್ದೆವು. ನೊಂದವರ ಸಂಕಟ ನೋಯದವರಿಗೆ ತಿಳಿಯದೆಂಬುದು ಅಕ್ಕಮಹಾದೇವಿಯ ಕಾಲದಿಂದ ನಮ್ಮ ನಾಡಿನಲ್ಲಿ ಇರುವ ತಿಳಿವಳಿಕೆ.

ಆದರೆ ಆ ಕಣ್ಣೀರು ಏನನ್ನು ಸಾಬೀತು ಮಾಡುತ್ತದೆ? ಬದುಕುವ ಆಸೆ ಎಷ್ಟು ಬಲವಾದದ್ದು ಎಂಬುದನ್ನು. ಬದುಕಿಸಿದ ಕೃತ್ಯ ಸರಿಯಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಮನೆಗೆ ಬೆಂಕಿ ಬಿದ್ದಾಗ ನೆರೆಮನೆಯವರ ಮಗುವನ್ನು ತುಳಿದು ಹೊರಗೆ ಓಡಿಬಂದವನಿಗೂ ಹೊರಗಿನ ಗಾಳಿ ಹಿತವಾಗಿಯೇ ಇರುತ್ತದೆ. ಕೋರ್ಟಿನಲ್ಲಿ ಸಾಕ್ಷಿಯ ಕಟಕಟೆ ಒಂದು ಕಡೆ, ನ್ಯಾಯಾಧೀಶರ ಪೀಠ ಇನ್ನೊಂದು ಕಡೆ ಇರುವುದು ಸುಮ್ಮನೆ ಅಲ್ಲ. ಕಂಡದ್ದನ್ನು ಹೇಳುವವನು ತೀರ್ಪನ್ನೂ ತಾನೇ ಬರೆಯುತ್ತೇನೆ ಎಂದರೆ, ಅವನು ಎಷ್ಟೇ ಸತ್ಯವಂತನಾಗಿರಲಿ, ಉಳಿದ ಸಾಕ್ಷಿಗಳನ್ನು ಕರೆಯುವವರಾರು?

ಉಳಿದ ಸಾಕ್ಷಿಗಳಂತೂ ಇದ್ದರು. ದೂರವೇ ಅಳತೆಯಾದರೆ ಫಸೆಲ್ ಅವರನ್ನೂ ಅದೇ ಗೋಲಿನಿಂದ ಅಳೆಯಬೇಕಾಗುತ್ತದೆ. ಅವರು ಕಾದಿದ್ದು ಯುರೋಪಿನಲ್ಲಿ. ಪೆಸಿಫಿಕ್ಕಿನ ಯಾವ ದ್ವೀಪದಲ್ಲೂ ಅವರು ಕಾದಲಿಲ್ಲ. ಆಗಸ್ಟ್ 6ರಂದು ಹಿರೋಷಿಮಾಕ್ಕೂ ಅವರಿಗೂ ನಡುವೆ ಸಾವಿರಾರು ಮೈಲಿ. ಅಂದು ಬೆಳಿಗ್ಗೆ ಆ ಊರಿನಲ್ಲಿ ಹನ್ನೆರಡು ಹದಿಮೂರು ವರ್ಷದ ಸಾವಿರಾರು ಶಾಲಾಮಕ್ಕಳು ಬೀದಿಗಿಳಿದಿದ್ದರು. ಬಾಂಬ್ ದಾಳಿಯಾದರೆ ಬೆಂಕಿ ಹಬ್ಬದಿರಲೆಂದು ಮರದ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಅವರನ್ನು ಹಚ್ಚಿದ್ದರು. ಬೇಸಿಗೆಯ ಬಿಸಿಲಿಗೆ ತೆರೆದ ಮೈ. ಅವರಲ್ಲಿ ಬಹುಪಾಲು ಮಕ್ಕಳು ಮನೆಗೆ ಮರಳಲಿಲ್ಲ. ವರ್ಷದ ಕೊನೆಗೆ ಆ ಒಂದು ಊರಿನಲ್ಲಿ ಸತ್ತವರು ಸುಮಾರು 1,40,000. ಅವರಲ್ಲಿ ಜಪಾನೀಯರೇ ಬಲವಂತದಿಂದ ದುಡಿಸಿಕೊಳ್ಳುತ್ತಿದ್ದ ಕೊರಿಯನ್ನರೂ ಇದ್ದರು. ಫ್ರಾನ್ಸಿನ ಕಾಡಿನಲ್ಲಿ ಹದಿನಾಲ್ಕರ ಇಬ್ಬರು ಶತ್ರುಬಾಲಕರ ಮುಖ ನೋಡಿ ಎದೆಯೊಡೆದ ಮನುಷ್ಯ, ಈ ಮಕ್ಕಳನ್ನು ಏಕೆ ಅದೇ ಕಣ್ಣಿನಿಂದ ನೋಡಲಿಲ್ಲ? ನಮಗೆ ತೋಚುವ ಉತ್ತರ ಇಷ್ಟೆ: ಅವರನ್ನು ಅವರು ಕಂಡಿರಲಿಲ್ಲ. ಅನುಭವದ ಬೆಳಕು ದೀಪದ ಬೆಳಕಿನಂತೆ. ಹತ್ತಿರದ್ದನ್ನು ತೋರಿಸುತ್ತದೆ, ಅದರಾಚೆಯ ಕತ್ತಲನ್ನು ಇನ್ನಷ್ಟು ಗಾಢ ಮಾಡುತ್ತದೆ.

ಇನ್ನೊಂದು ಕತ್ತಲೂ ಇದೆ. ಇದು ಭಾರತಕ್ಕೆ ಸಂಬಂಧಿಸಿದ್ದು. ಮೊದಲನೆಯ ಮಹಾಯುದ್ಧದ ನೆನಪಿನ ಬಗ್ಗೆ ಫಸೆಲ್ ಬರೆದ ಆ ಮಹತ್ವದ ಪುಸ್ತಕದಲ್ಲಿ ನೆನಪಿಡುವವರು ಬಹುಮಟ್ಟಿಗೆ ಕವಿತೆ ಓದಿ ಬೆಳೆದ ಇಂಗ್ಲಿಷ್ ಅಧಿಕಾರಿಗಳು. ಸಸೂನ್, ಗ್ರೇವ್ಸ್, ಬ್ಲಂಡನ್, ಓವೆನ್. ಅದೇ ಯುದ್ಧಕ್ಕೆ ಭಾರತದಿಂದ ಸುಮಾರು 13 ಲಕ್ಷ ಜನ ಸೈನಿಕರಾಗಿ, ಕೂಲಿಗಳಾಗಿ ಕಡಲು ದಾಟಿದ್ದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಫ್ರಾನ್ಸಿನಿಂದ ಅವರು ಉರ್ದುವಿನಲ್ಲಿ, ಪಂಜಾಬಿಯಲ್ಲಿ, ಹಿಂದಿಯಲ್ಲಿ ಕಾಗದ ಬರೆದರು. ಓದು ಬರಹ ಬಾರದವರು ಬರೆಸಿದರು. ಅವುಗಳಲ್ಲಿ ಅನೇಕ ಇಂದು ಓದಲು ಸಿಗುತ್ತಿರುವುದು ಏಕೆಂದರೆ ಬ್ರಿಟಿಷ್ ಸೆನ್ಸಾರ್ ಕಚೇರಿ ಅವನ್ನು ಒಡೆದು, ಇಂಗ್ಲಿಷಿಗೆ ತರ್ಜುಮೆ ಮಾಡಿ, ವರದಿಗೆ ಸೇರಿಸಿತ್ತು. ಅವರನ್ನು ಕಾಯಲು ಕೂತ ಕಣ್ಣೇ ಅವರ ಮಾತನ್ನು ಉಳಿಸಿತು.

ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳ 1914ರಲ್ಲೇ ಈಜಿಪ್ಟಿಗೆ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಂದಿಗೆ ಸೇರಿ ತುರ್ಕರಿಂದ ಹೈಫಾ ನಗರವನ್ನು ಗೆದ್ದಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್, ಮೈಸೂರು ದಳಗಳ ನೆನಪಿಗೆ ನಿಂತವು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರನ್ನೂ ಸೇರಿಸಲಾಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕವಿದೆ. ಪ್ರತಿಮೆಯಿದೆ, ಕಂಬವಿದೆ, ದಿನಾಂಕವಿದೆ. ಕುದುರೆಯ ಮೇಲಿದ್ದವನು ಏನು ಕಂಡ, ಯಾರಿಗಾಗಿ ಯಾರ ಮೇಲೆ ಈಟಿ ಎತ್ತಿದ, ರಾತ್ರಿ ಅವನಿಗೆ ನಿದ್ದೆ ಬಂತೇ? ಆ ಯುದ್ಧದಲ್ಲಿ ತುರ್ಕಿಯ ಸುಲ್ತಾನ ಖಲೀಫನೆಂದು ಕರೆ ಕೊಟ್ಟಿದ್ದ, ಎದುರಿನಿಂದ ಬರುತ್ತಿದ್ದ ಬ್ರಿಟಿಷ್ ಪಡೆಯಲ್ಲಿ ಭಾರತದ ಮುಸ್ಲಿಂ ಸವಾರರೂ ಇದ್ದರು. ಅವರ ಮನಸ್ಸಿನ ತುಮುಲವನ್ನು ಊಹಿಸಿಕೊಳ್ಳಲು ಒಬ್ಬ ಗ್ರೇವ್ಸ್, ಒಬ್ಬ ಫಸೆಲ್ ಅವರಲ್ಲಿ ಹುಟ್ಟಲಿಲ್ಲ. ಅಲ್ಲಿದ್ದವನೇ ಮಾತಾಡಲಿ ಎನ್ನುವ ನಿಯಮ ಕೇಳಲು ನ್ಯಾಯವಾಗಿದೆ. ಆದರೆ ಆಚರಣೆಯಲ್ಲಿ ಅದರ ಅರ್ಥ, ಅಲ್ಲಿದ್ದವರಲ್ಲಿ ಓದಿದವನು, ಅಚ್ಚಿನ ಮನೆಯ ದಾರಿ ತಿಳಿದವನು, ಗೆದ್ದ ದೇಶದವನು ಮಾತಾಡಲಿ ಎಂದಾಗಿಬಿಡುತ್ತದೆ.

ಮನೆಯೊಳಗಿನ ಸಾಕ್ಷಿಯನ್ನೂ ಬಿಡುವಂತಿಲ್ಲ. ಫಸೆಲ್ ಅವರ ಮೊದಲ ಪತ್ನಿ ಬೆಟ್ಟಿ ಫಸೆಲ್ ಅಡುಗೆಯ ಬಗ್ಗೆ ಬರೆದು ಹೆಸರಾದವರು. ವಿಚ್ಛೇದನದ ಬಳಿಕ, 1999ರಲ್ಲಿ, ಆ ಸಂಸಾರದ ಕಥೆ ಬರೆದರು. ಹೆಸರು 'ಮೈ ಕಿಚನ್ ವಾರ್ಸ್'. ಅಡುಗೆಮನೆಯ ಯುದ್ಧಗಳು ಎಂದು. ಸೈನಿಕರ ಪೀಳಿಗೆಯನ್ನು ಮದುವೆಯಾದ ಹೆಂಗಸರ ಪೀಳಿಗೆಯ ಮಾತು ಅದರಲ್ಲಿದೆ. ಮಾಸ್ತಿಕಲ್ಲಿಗಿಂತ ಇದು ವಾಸಿ, ಆಕೆ ಬದುಕಿದ್ದು ತಾನೇ ಬರೆದಳಲ್ಲ ಎಂದು ನಮಗನ್ನಿಸಿತು.

ಕಾಲವೂ ಈ ವಾದಕ್ಕೆ ವಿರುದ್ಧವಾಗಿ ನಡೆಯುತ್ತಿದೆ. ಹಿರೋಷಿಮಾ ನಾಗಸಾಕಿಗಳಲ್ಲಿ ಉಳಿದುಕೊಂಡವರ ಸಂಘಟನೆ ನಿಹಾನ್ ಹಿಡಾಂಕ್ಯೊಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮರುವರ್ಷ ಜಪಾನ್ ಸರ್ಕಾರದ ಪಟ್ಟಿಯಲ್ಲಿದ್ದ ಸಂತ್ರಸ್ತರ ಸಂಖ್ಯೆ ಮೊದಲ ಬಾರಿಗೆ ಲಕ್ಷಕ್ಕಿಂತ ಕೆಳಗಿಳಿಯಿತು. ಅವರ ಸರಾಸರಿ ವಯಸ್ಸು ಎಂಬತ್ತಾರು ದಾಟಿತ್ತು. ಫಸೆಲ್ ಪೀಳಿಗೆಯ ಸೈನಿಕರಂತೂ ಬೆರಳೆಣಿಕೆಗೆ ಇಳಿಯುತ್ತಿದ್ದಾರೆ. ಇನ್ನು ಕೆಲವೇ ವರ್ಷಗಳಲ್ಲಿ 1945ರಲ್ಲಿ ಅಲ್ಲಿದ್ದವರು ಯಾರೂ ಇರುವುದಿಲ್ಲ. ಆ ನಿಯಮವನ್ನು ಹಿಡಿದು ಕೂತರೆ, ಬಾಂಬಿನ ಬಗ್ಗೆ ಮಾತಾಡಲು ಹಕ್ಕಿರುವವರು ಒಬ್ಬರೂ ಉಳಿಯುವುದಿಲ್ಲ. ಬಾಂಬುಗಳು ಮಾತ್ರ ಉಳಿಯುತ್ತವೆ.

ಫಸೆಲ್ ಪ್ರಬಂಧಕ್ಕೆ ಆಗ ಉತ್ತರ ಬರೆದವರು ಮೈಕೆಲ್ ವಾಲ್ಜರ್, ಯುದ್ಧದ ನ್ಯಾಯಾನ್ಯಾಯಗಳ ಬಗ್ಗೆ 1977ರಲ್ಲಿ ದೊಡ್ಡ ಪುಸ್ತಕ ಬರೆದ ಚಿಂತಕ. ಸೈನಿಕನನ್ನು ಉಳಿಸಲು ನಾಗರಿಕರನ್ನು ಉದ್ದೇಶಪೂರ್ವಕವಾಗಿ ಕೊಲ್ಲಬಹುದು ಎಂದಾದರೆ ಯುದ್ಧಕ್ಕೆ ಎಲ್ಲೆಯೇ ಇಲ್ಲವಾಗುತ್ತದೆ ಎಂಬ ನಿಲುವು ಅವರದು. ಬೇಷರತ್ ಶರಣಾಗತಿಯೇ ಬೇಕೆಂದು ಹಟ ಹಿಡಿಯದಿದ್ದರೆ ಆ ದಾಳಿಯ ಅಗತ್ಯವೇ ಬರುತ್ತಿತ್ತೇ ಎಂದು ಕೇಳುವವರೂ ಅವರೇ. ಫಸೆಲ್ ಒಪ್ಪಲಿಲ್ಲ. ಕೊನೆಯವರೆಗೂ ಒಪ್ಪಲಿಲ್ಲ. ಆದರೆ 1988ರಲ್ಲಿ ಪ್ರಬಂಧಗಳನ್ನು ಪುಸ್ತಕವಾಗಿ ತರುವಾಗ ವಾಲ್ಜರ್ ಅವರೊಂದಿಗಿನ ವಾಗ್ವಾದವನ್ನೂ ಅದರಲ್ಲಿ ಅಚ್ಚು ಹಾಕಿಸಿದರು. ತಮ್ಮ ಪುಸ್ತಕದಲ್ಲಿ, ತಮ್ಮ ಪ್ರಬಂಧದ ಬೆನ್ನಿಗೇ. ವಾಲ್ಜರ್ ಹುಟ್ಟಿದ್ದು 1935ರಲ್ಲಿ. ಬಾಂಬು ಬಿದ್ದಾಗ ಹತ್ತು ವರ್ಷದ ಹುಡುಗ.